ಟಿಸಿ ಒಯ್ದ ಮಕ್ಕಳು

ನಮ್ಮ ಬಾಗಲಕೋಟೆ ಕಡೆಯಿಂದ ವಿದೇಶಕ್ಕೆ ಹೋಗುವವರೆಂದರೆ ಮೊದಲೆಲ್ಲ ಎಂಜಿನಿಯರಿಂಗ್ ಮುಗಿಸಿದ ಹುಡುಗರು. ಒಬ್ಬೊಬ್ಬರೇ ಹೋಗುತ್ತಿದ್ದರು, ಲಗ್ನಕ್ಕೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದರು, ಮಕ್ಕಳು ಅಲ್ಲೇ ಹುಟ್ಟಿ ಅಲ್ಲಿಯವೇ ಆಗಿಬಿಡುತ್ತಿದ್ದವು. ಈಗ ನರ್ಸಿಂಗ್ ಕಲಿತವರು, ಫಿಜಿಯೋಥೆರಪಿ ಮಾಡಿದವರು, ಹತ್ತು ವರ್ಷ ಬೆಂಗಳೂರಿನಲ್ಲಿ ದುಡಿದು ಕಂಪನಿ ಬದಲಿಸಿದವರು ಹೊರಟಿದ್ದಾರೆ. ಹೊರಡುವ ಹೊತ್ತಿಗೆ ಮಕ್ಕಳು ಮೂರನೇ ಇಯತ್ತೆಯಲ್ಲೋ ಆರನೇ ಇಯತ್ತೆಯಲ್ಲೋ ಇರುತ್ತವೆ. ಹಾಗಾಗಿ ಅವರು ನನ್ನ ಟೇಬಲ್ಲಿಗೂ ಬರುತ್ತಾರೆ. ನಾನು ನವನಗರದ ಒಂದು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಟಿಸಿ ಬರೆಯುವ ಕೆಲಸ ಎಷ್ಟೋ ವರ್ಷದಿಂದ ನನ್ನ ಕೊರಳಿಗೇ ಬಿದ್ದಿದೆ.

ಬರುವವರ ಕೈಯಲ್ಲಿ ಒಂದು ದಪ್ಪ ಫೈಲು. ಅದರಲ್ಲಿ ಎಲ್ಲವೂ ಅಚ್ಚುಕಟ್ಟು. ಮಗುವಿನ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ ಎಂಬುದು ಅವರಿಗೆ ಗೊತ್ತು, ಅದಕ್ಕೆ ತಂದೆ ತಾಯಿ ಇಬ್ಬರ ಸಹಿ ಬೇಕೆಂಬುದು ಗೊತ್ತು. ಜನನ ಪ್ರಮಾಣಪತ್ರದಲ್ಲಿ ಅಡ್ಡಹೆಸರಿನ ಸ್ಪೆಲಿಂಗ್ ತಪ್ಪಿದ್ದರೆ ಅದನ್ನು ತಿದ್ದಿಸಲು ಎಲ್ಲಿಗೆ ಓಡಾಡಬೇಕೆಂಬುದೂ ಗೊತ್ತು. ಇಂಗ್ಲೆಂಡಿನ ವೀಸಾಕ್ಕಾದರೆ ಟಿಬಿ ಪರೀಕ್ಷೆಯ ಸರ್ಟಿಫಿಕೇಟು ಬೇಕು ಎಂದು ಬೆಂಗಳೂರಿಗೆ ಹೋಗಿ ಬಂದಿರುತ್ತಾರೆ. ನನ್ನಿಂದ ಆಗಬೇಕಾದದ್ದು ಟಿಸಿ, ಅದರ ಮೇಲೆ ಬಿಇಒ ಸಾಹೇಬರ ಮೇಲುರುಜು, ಅಷ್ಟೆ.

ನಾನು ಬರೆಯುತ್ತಾ ಬರೆಯುತ್ತಾ ಒಂದು ಮಾತು ಕೇಳುತ್ತೇನೆ. “ಹುಡುಗಗ ಹೇಳೀರೇನ್ರಿ?”

“ಇನ್ನೂ ಇಲ್ರಿ ಟೀಚರ್. ವೀಸಾ ಕೈಗೆ ಬರ್ಲಿ, ಆಮ್ಯಾಲೆ ಹೇಳಿದ್ರಾತು ಅಂತ.”

ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. “ಮಕ್ಕಳದೇನ್ರಿ, ಎಲ್ಲಿ ಬಿಟ್ರೂ ಹೊಂದ್ಕೋತಾವ.”

ಮೊದಲನೆಯ ಮಾತು ನನಗೆ ಅರ್ಥವಾಗುತ್ತದೆ. ಊರಿನವರ ಬಾಯಿಗೆ ಬೀಳಬಾರದು, ಆಗದಿದ್ದರೆ ನಗೆಪಾಟಲು. ಜಗಳವಿರುವುದು ಎರಡನೆಯ ಮಾತಿನೊಂದಿಗೆ. ಮಕ್ಕಳು ಹೊಂದಿಕೊಳ್ಳುತ್ತವೆ, ಸುಳ್ಳಲ್ಲ. ಆದರೆ ಹಾಗೆ ಹೊಂದಿಕೊಳ್ಳುವ ಖರ್ಚನ್ನು ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬ ಲೆಕ್ಕ ಆ ಫೈಲಿನಲ್ಲಿ ಎಲ್ಲಿಯೂ ಇರುವುದಿಲ್ಲ.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಬಾರದು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ಅಬ್ದುಲ್ ಕಲಾಂ ಅವರ ಕೈಯಿಂದ ಲೋಕಾರ್ಪಣೆಯಾಯಿತು. ಈ ನಡುವೆ ಘಟಪ್ರಭೆಯ ದಂಡೆಯ ನಮ್ಮ ಹಳೆಯ ಊರಿನ ಓಣಿ ಓಣಿಗಳೇ ಹಿನ್ನೀರಿನ ಪಾಲಾಗಿ, ಸೆಕ್ಟರ್ ನಂಬರಿನ ನವನಗರ ಎದ್ದು ನಿಂತಿತು. ಅಧಿಕಾರಿಗಳು ಬಂದು ಗೋಡೆ ಅಳೆದರು, ಬಾವಿ ಅಳೆದರು, ಹಿತ್ತಲಿನ ಬೇವಿನ ಗಿಡ, ತೆಂಗಿನ ಗಿಡ ಎಣಿಸಿಕೊಂಡರು. ಪರಿಹಾರ ಕಡಿಮೆಯಾಯಿತೆಂದು ಹಿರಿಯರು ಕೋರ್ಟಿಗೂ ಹೋದರು. ಓಣಿಯ ಗೆಳತಿಯರು ಒಬ್ಬಳು ಒಂದು ಸೆಕ್ಟರಿಗೆ, ಇನ್ನೊಬ್ಬಳು ಮತ್ತೊಂದಕ್ಕೆ ಹಂಚಿಹೋದದ್ದನ್ನು ಯಾರೂ ಎಣಿಸಲಿಲ್ಲ. ಆಗ ನಾನು ಹೈಸ್ಕೂಲಿನ ಹುಡುಗಿ, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೋದದ್ದು ನಾಲ್ಕಾರು ಕಿಲೋಮೀಟರ್ ದೂರಕ್ಕೆ, ಅದೇ ಭಾಷೆ, ಅದೇ ರೊಟ್ಟಿ, ಅದೇ ಬಿಸಿಲು. ಅಷ್ಟಕ್ಕೇ ನಮ್ಮವ್ವ ವರ್ಷಗಟ್ಟಲೆ “ನಮ್ಮೂರಿಗೆ ಹೋಗಿ ಬರ್ತೀನಿ” ಎಂದೇ ಹಳೆ ಊರಿನ ಸಂತೆಗೆ ಹೋಗುತ್ತಿದ್ದಳು.

ಹಾಗಿದ್ದ ಮೇಲೆ ಏಳೆಂಟು ಸಾವಿರ ಕಿಲೋಮೀಟರ್ ದೂರ ಹೋಗುವ ಎಂಟು ವರ್ಷದ ಹುಡುಗನಿಗೆ ಹದಿನೈದು ದಿನ ಮೊದಲು ಹೇಳಿದರೆ ಸಾಕೆ? ನಿರ್ಧಾರವಾದ ದಿನವೇ ಹೇಳಿ ಎನ್ನುತ್ತೇನೆ ನಾನು. “ಹೋಗೂದು ಖರೆ, ಕಾಗದ ಬರೋದೊಂದು ಬಾಕಿ ಐತಿ” ಎಂದರೆ ಮಕ್ಕಳಿಗೆ ತಿಳಿಯುತ್ತದೆ. ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ. ರಾತ್ರಿ ಅಪ್ಪ ಅಮ್ಮ ಪಿಸುಗುಟ್ಟುವುದು ಕೇಳಿಸುತ್ತದೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರಬೇಕಾದ ಹೊರೆ ಮೇಲಿಂದ. ಒಬ್ಬ ಹುಡುಗಿ ನನ್ನ ಹತ್ತಿರ ಬಂದು, “ಟೀಚರ್, ನಾವು ಕೆನಡಾಕ್ಕ ಹೊಂಟೀವಿ, ನನಗ ಗೊತ್ತೈತಿ ಅಂತ ನಮ್ಮಮ್ಮಗ ಹೇಳಬ್ಯಾಡ್ರಿ” ಅಂದಿದ್ದಳು.

ಹೇಳುವುದರ ಜೊತೆಗೇ ಬರುವುದು ಬೀಳ್ಕೊಡುಗೆ. ದೊಡ್ಡವರಿಗೆ ಹೋಟೆಲಿನಲ್ಲಿ ಊಟ, ಶಾಲು, ಹಾರ, ಫೋಟೊ. ಮಕ್ಕಳಿಗೆ ಏನೂ ಇಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದವನು ಸೋಮವಾರ ಬರುವುದೇ ಇಲ್ಲ, ಉಳಿದ ಮಕ್ಕಳು ಅವನ ಜಾಗ ಹಿಡಿಯಲು ಜಗಳವಾಡುತ್ತವೆ. ನಮ್ಮ ಶಾಲೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹೋಗುವ ಮಗು ತರಗತಿಯ ಮುಂದೆ ನಿಂತು ತಾನು ಹೋಗುವ ಊರನ್ನು ಭೂಪಟದಲ್ಲಿ ತೋರಿಸುತ್ತದೆ, ಉಳಿದವರು ಬೇಕಾದ್ದು ಕೇಳುತ್ತಾರೆ. ಸೈಕಲ್ಲು ಯಾರಿಗೆ, ಗಾಳಿಪಟದ ಚಕ್ರಿ ಯಾರಿಗೆ ಎಂಬುದನ್ನು ಮಗುವೇ ಹೇಳಬೇಕು, ಅಪ್ಪ ಹಳೆ ಸಾಮಾನಿನವನಿಗೆ ಕೊಟ್ಟು ಬರಬಾರದು. ಬ್ಯಾಗಿನಲ್ಲಿ ಮಗುವಿನ ಪಾಲಿಗೆ ಒಂದಿಷ್ಟು ತೂಕ ಬಿಡಬೇಕು, ಅದರಲ್ಲಿ ಏನು ಹಾಕಿಕೊಳ್ಳುತ್ತದೆ ಎಂದು ಕೇಳಬಾರದು. ನನ್ನ ತಮ್ಮನ ಮಗ ಹಾಕಿಕೊಂಡದ್ದು ಹೋಳಿಯಲ್ಲಿ ಬಾರಿಸುವ ಸಣ್ಣ ಹಲಗಿ. ಬಾಗಲಕೋಟೆಯ ಹುಡುಗನಿಗೆ ಅದಕ್ಕಿಂತ ದೊಡ್ಡ ಆಸ್ತಿ ಇನ್ನೇನು!

ಅಲ್ಲಿನ ಮಾತು ಎಂದರೆ ನನಗೆ ಹತ್ತಿರದಿಂದ ಗೊತ್ತಿರುವುದು ಈ ತಮ್ಮನ ಮನೆಯದೇ. ಅವನ ಹೆಂಡತಿ ಇಲ್ಲಿ ನರ್ಸ್ ಆಗಿದ್ದವಳು, ಇಂಗ್ಲೆಂಡಿನ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಮೊದಲು ಒಬ್ಬಳೇ ಹೋದಳು. ಆಮೇಲೆ ಇವನು, ಮೂರನೇ ಇಯತ್ತೆಯ ಮಗ, ಬಾಲವಾಡಿಯ ಮಗಳು.

ಇಳಿದ ಕೂಡಲೇ ಶಾಲೆ ಸಿಗುತ್ತದೆ ಎಂದುಕೊಂಡಿದ್ದರು. ಅಲ್ಲಿ ಸರ್ಕಾರಿ ಶಾಲೆಯ ಸೀಟನ್ನು ಸಾಮಾನ್ಯವಾಗಿ ಊರಿನ ಕೌನ್ಸಿಲ್‌ಗೆ ಅರ್ಜಿ ಹಾಕಿ ಪಡೆಯಬೇಕು. ಮನೆಯ ವಿಳಾಸದ ದಾಖಲೆ ಕೇಳುತ್ತಾರೆ, ಹತ್ತಿರದ ಶಾಲೆ ತುಂಬಿದ್ದರೆ ದೂರದ್ದು ತೋರಿಸುತ್ತಾರೆ. ಈ ನಡುವಿನ ವಾರಗಳೇ ಎಲ್ಲಕ್ಕಿಂತ ಕೆಟ್ಟವು. ಅವ್ವ ಡ್ಯೂಟಿಗೆ, ಅಪ್ಪನಿಗೆ ಊರು ಗೊತ್ತಿಲ್ಲ, ಹೊರಗೆ ಮಳೆ. ಮಕ್ಕಳು ಇಡೀ ದಿನ ಮೊಬೈಲಿನಲ್ಲಿ. ಈ ಖಾಲಿ ವಾರಗಳಿಗೆ ಮೊದಲೇ ತಯಾರಿರಬೇಕು: ಹತ್ತಿರದ ಗ್ರಂಥಾಲಯ, ಪಾರ್ಕು, ದಿನಕ್ಕೊಮ್ಮೆ ಅಂಗಡಿಗೆ ಹೋಗಿ ಮಗುವೇ ಹಾಲು ಬ್ರೆಡ್ಡು ಕೊಳ್ಳುವುದು. ಅಂಗಡಿಯಲ್ಲಿ ಕಲಿತ ನಾಲ್ಕು ಮಾತು ಮೊದಲ ದಿನ ಶಾಲೆಯಲ್ಲಿ ಕೈ ಹಿಡಿಯುತ್ತವೆ.

ಶಾಲೆ ಸಿಕ್ಕಾಗ ಇನ್ನೊಂದು ಗಾಬರಿ. ಮೂರನೇ ಇಯತ್ತೆಯವನನ್ನು ‘ಇಯರ್ ಫೋರ್’ನಲ್ಲಿ ಕೂರಿಸಿದರು. ತಮ್ಮ ರಾತ್ರೋರಾತ್ರಿ ಫೋನು ಮಾಡಿ, “ಅಕ್ಕಾ, ಒಂದು ಕ್ಲಾಸ್ ಹಾರಿಸ್ಯಾರ, ಹೆಂಗ ಮಾಡೂದು?” ಅಂದ. ಹಾರಿಸಿರಲಿಲ್ಲ. ಅಲ್ಲಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರೊಳಗೆ ಹುಟ್ಟಿದವರೆಲ್ಲ ಒಂದೇ ವರ್ಗ. ನಾಲ್ಕು ತುಂಬಿದವರು ಮುಂದಿನ ಸೆಪ್ಟೆಂಬರಿಗೆ ‘ರಿಸೆಪ್ಷನ್’ ಸೇರುವುದರಿಂದ ಎಂಟು ತುಂಬಿದವರು ಇಯರ್ ಫೋರ್‌ಗೆ ಬಂದಿರುತ್ತಾರೆ. ವಯಸ್ಸೇ ಲೆಕ್ಕ, ಮಾರ್ಕ್ಸ್ ಕಾರ್ಡಲ್ಲ. ಪಾಟೀಚೀಲದ ತುಂಬ ಪುಸ್ತಕವಿಲ್ಲ, ತಿಂಗಳ ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ. “ಏನೂ ಕಲಸೂದಿಲ್ಲ ಇಲ್ಲೆ” ಎಂದು ತಮ್ಮನ ತಕರಾರು. ಕಲಿಸುತ್ತಾರೆ, ಮನೆಗೆ ಹೊರಿಸಿ ಕಳಿಸುವುದಿಲ್ಲ ಅಷ್ಟೆ.

ನಿಜವಾದ ತೊಂದರೆಗಳು ಬೇರೆಯವು, ಅವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳಿಬಿಡುತ್ತೇನೆ. ಮೊದಲನೆಯದು ಪಾಯಿಖಾನೆ. ನೀರಿಲ್ಲ, ಕಾಗದ ಮಾತ್ರ. ಹುಡುಗ ಇಡೀ ದಿನ ತಡೆದುಕೊಂಡು ಮನೆಗೆ ಬಂದು ಓಡುತ್ತಿದ್ದ. ಹೊಟ್ಟೆನೋವು ಎಂದು ಅವ್ವ ಓಮಿನಕಾಳಿನ ನೀರು ಕುಡಿಸುತ್ತಿದ್ದಳು. ಕಾರಣ ಗೊತ್ತಾಗಲು ಬಹಳ ದಿನ ಹಿಡಿಯಿತು. ಅವನಿಗೆ ಹೇಳಲು ನಾಚಿಕೆ, ಇವರಿಗೆ ಕೇಳಲು ಹೊಳೆಯಲಿಲ್ಲ. ಹೋಗುವ ಮೊದಲು ಮನೆಯಲ್ಲೇ ರೂಢಿ ಮಾಡಿಸಿ. ‘ನನಗೆ ಟಾಯ್ಲೆಟ್‌ಗೆ ಹೋಗಬೇಕು’ ಎಂದು ಇಂಗ್ಲಿಷಿನಲ್ಲಿ ಕೇಳುವುದನ್ನು ಎಬಿಸಿಡಿಗಿಂತ ಮೊದಲು ಕಲಿಸಿ.

ಎರಡನೆಯದು ನಮ್ಮ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಬಾಗಲಕೋಟೆ, ವಿಜಯಪುರದ ಮಗುವಿನ ಡಬ್ಬಿಯಲ್ಲಿ ಶೇಂಗಾ ಹಿಂಡಿ ಇಲ್ಲದೆ ಮತ್ತೇನಿದ್ದೀತು? ಮೊದಲ ವಾರವೇ ಚಪಾತಿಗೆ ಹಿಂಡಿ ಸವರಿ, ಮೇಲೊಂದಿಷ್ಟು ಮೊಸರು ಹಚ್ಚಿ, ಸುರುಳಿ ಸುತ್ತಿ ಕೊಟ್ಟಿದ್ದಾಳೆ. ಮಧ್ಯಾಹ್ನ ಶಾಲೆಯಿಂದ ಫೋನು. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಶೇಂಗಾ, ಗೋಡಂಬಿ, ಬಾದಾಮಿ ಯಾವುದೂ ಒಳಗೆ ಬರುವಂತಿಲ್ಲ. ಅಲರ್ಜಿಯಿರುವ ಮಗುವಿಗೆ ಚೂರು ತಾಗಿದರೂ ಜೀವಕ್ಕೆ ಅಪಾಯ. ಹುಡುಗನನ್ನು ಬೇರೆ ಕೂರಿಸಿ, ಡಬ್ಬಿ ಮುಚ್ಚಿಸಿ, ಕೈ ತೊಳೆಸಿದರು. ಅವರು ಪ್ರೀತಿಯಿಂದಲೇ ಮಾಡಿದ್ದರೂ ಹುಡುಗನಿಗೆ ತಿಳಿದದ್ದು ಒಂದೇ: ನನ್ನ ಮನೆಯ ಊಟ ಇಲ್ಲಿ ತಪ್ಪು. ಆಮೇಲೆ ಬಹಳ ದಿನ ಅವನು ಜಾಮ್ ಬ್ರೆಡ್ಡು ಬಿಟ್ಟು ಏನನ್ನೂ ಒಯ್ಯಲಿಲ್ಲ. ಈಗ ಅಗಸಿ ಹಿಂಡಿಗೆ ಶಾಲೆಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದಾರೆ. ಎಳ್ಳೂ ಕೆಲವರಿಗೆ ಆಗದ್ದರಿಂದ ಅದನ್ನೂ ಕೇಳಿಯೇ ಹಾಕಬೇಕು. ಸಣ್ಣಾಕೆಗೆ ಈ ತಾಪತ್ರಯವಿಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ನಿಂದ ಇಯರ್ ಟೂವರೆಗಿನ ಮಕ್ಕಳಿಗೆ 2014ರಿಂದ ಮಧ್ಯಾಹ್ನದ ಊಟ ಪುಕ್ಕಟೆ, ಸಸ್ಯಾಹಾರವೂ ಇರುತ್ತದೆ. ನಮ್ಮ ಬಿಸಿಯೂಟ ಮಾಡುವ ಅಕ್ಕಂದಿರಿಗೆ ಇದನ್ನು ಹೇಳಿದರೆ, “ಸಾರಿಗೆ ಖಾರ ಹಾಕ್ತಾರೇನ್ರಿ?” ಎಂದು ಕೇಳಿದರು.

ಮೂರನೆಯದನ್ನು ಚಿಕ್ಕದಾಗಿ ಹೇಳಿದರೂ ಗಟ್ಟಿಯಾಗಿ ಹೇಳಬೇಕು. ಕೈ ಎತ್ತುವ ರೂಢಿಯನ್ನು ಇಲ್ಲೇ ಬಿಟ್ಟು ಹೋಗಿ. ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಮನೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಪೂರ್ತಿ ನಿಷೇಧಿಸಿವೆ. ಇಂಗ್ಲೆಂಡಿನಲ್ಲೂ ಮಗು “ಅಪ್ಪ ಹೊಡೆದ” ಎಂದರೆ ಶಿಕ್ಷಕರು ಅದನ್ನು ಕೇಳಿ ಸುಮ್ಮನಿರುವಂತಿಲ್ಲ, ಮೇಲಿನವರಿಗೆ ತಿಳಿಸಲೇಬೇಕು. ಸಣ್ಣ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದೂ ಅಷ್ಟೇ ದೊಡ್ಡ ಮಾತು ಅಲ್ಲಿ. ಇದರಲ್ಲಿ ಅವರದೇ ಸರಿ ಎಂಬುದು ನನ್ನ ಅಭಿಪ್ರಾಯ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆಯಲ್ಲಿ ಹೊಡೆಯಬಾರದೆಂದೇ ಹೇಳಿದೆ, ನಾವು ಪಾಲಿಸುವುದು ಬೇರೆ ಮಾತು.

ಸಣ್ಣಾಕೆಯ ಕತೆ ಬೇರೆ. ಇಲ್ಲಿದ್ದಾಗ ಬಾಯಿ ಮುಚ್ಚದ ಹುಡುಗಿ ಅಲ್ಲಿನ ಶಾಲೆಯಲ್ಲಿ ಮಾತೇ ಆಡಲಿಲ್ಲ. ಒಂದು ವಾರವಲ್ಲ, ತಿಂಗಳುಗಟ್ಟಲೆ. ತಮ್ಮನ ಹೆಂಡತಿ ಅತ್ತು ಕರೆದು, “ಅಕ್ಕಾರ, ಕೂಸಿಗೇನಾರ ಆಗೈತೇನೋ, ಡಾಕ್ಟರಿಗೆ ತೋರಿಸ್ಲೇನ್ರಿ?” ಎಂದಳು. ಶಾಲೆಯವರು ಮಾತ್ರ ಗಾಬರಿಯಾಗಿರಲಿಲ್ಲ. ಹೊಸ ಭಾಷೆಯೊಳಗೆ ಬಿದ್ದ ಸಣ್ಣ ಮಕ್ಕಳಲ್ಲಿ ಹೀಗೆ ಮೌನವಾಗಿರುವ ಕಾಲ ಒಂದಿರುತ್ತದೆ, ಕೇಳಿಸಿಕೊಂಡು ಒಳಗೇ ಕೂಡಿಡುತ್ತಿರುತ್ತಾರೆ ಎಂಬುದು ಇದನ್ನು ಬಲ್ಲವರಿಗೆಲ್ಲ ಗೊತ್ತು. ಮಗು ಮನೆಯಲ್ಲಿ ತನ್ನ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತಿದೆಯೇ, ಆಡುತ್ತಿದೆಯೇ, ಉಣ್ಣುತ್ತಿದೆಯೇ ಎಂದು ನೋಡಬೇಕು. ಮನೆಯಲ್ಲೂ ಮಾತು ನಿಂತಿದ್ದರೆ, ನಿದ್ದೆ ಊಟ ಕೆಟ್ಟು ಹಾಗೇ ಮುಂದುವರಿದರೆ ಆಗ ವೈದ್ಯರನ್ನು ಕಾಣಲೇಬೇಕು. ಈಕೆ ಮನೆಯಲ್ಲಿ ಅಣ್ಣನ ಜೊತೆ ಕನ್ನಡದಲ್ಲಿ ಭರಪೂರ ಜಗಳವಾಡುತ್ತಿದ್ದಳು, ಹಾಗಾಗಿ ನನಗೆ ಧೈರ್ಯವಿತ್ತು.

ಇಂಥ ಹೊತ್ತಿನಲ್ಲೇ ಯಾರಾದರೊಬ್ಬರು ಬಂದು ಸಲಹೆ ಕೊಡುತ್ತಾರೆ: “ಮನ್ಯಾಗೂ ಇಂಗ್ಲಿಷ್ ಮಾತಾಡ್ರಿ, ಲಗೂನ ಕಲೀತಾವ.” ನಾನು ಕನ್ನಡ ಟೀಚರ್ ಎಂಬ ಕಾರಣಕ್ಕಲ್ಲ, ಮಗುವಿನ ಕಾರಣಕ್ಕೇ ಬೇಡವೆನ್ನುತ್ತೇನೆ. ಇದನ್ನು ಬಹಳ ಕಾಲ ಅಧ್ಯಯನ ಮಾಡಿದ ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಎರಡು ಬಗೆಯ ಭಾಷೆಯನ್ನು ಬೇರೆ ಬೇರೆಯಾಗಿ ನೋಡಿ ಎಂದರು. ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ವಿಜ್ಞಾನ, ಗಣಿತ, ಪ್ರಬಂಧ ಬರೆಯುವಷ್ಟು ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗಬಹುದು. ಈ ಉದ್ದನೆಯ ದಾರಿಯಲ್ಲಿ ಮಗುವಿಗೆ ಯೋಚನೆ ಮಾಡಲು ಒಂದು ಪೂರ್ತಿ ಭಾಷೆ ಕೈಯಲ್ಲಿರಬೇಕು, ಅದು ಮನೆಯ ಭಾಷೆ. ಅಪ್ಪನ ಹರಕು ಇಂಗ್ಲಿಷಿನಿಂದ ಕನ್ನಡವೂ ಹೋಗುತ್ತದೆ, ಇಂಗ್ಲಿಷೂ ಬರುವುದಿಲ್ಲ. ಬೆಳಗಾವಿಯ ಮಕ್ಕಳನ್ನು ನೋಡಿ: ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮಾರ್ಕೆಟ್ಟಿನಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಅವುಗಳ ತಲೆ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ, ರಾಜಕೀಯದವರ ತಲೆ ಮಾತ್ರ ಆಗಾಗ ಕೆಡುತ್ತದೆ.

ಇನ್ನು ಈ ಎಲ್ಲದರಲ್ಲಿ ಎಲ್ಲರೂ ಮರೆಯುವ ಮನುಷ್ಯ ಒಬ್ಬನಿದ್ದಾನೆ. ನನ್ನ ತಮ್ಮ. ಇಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ, ಅಂಗಡಿಗೆ ಬಂದವರೆಲ್ಲ “ಸಾವಕಾರ್ರ” ಎನ್ನುತ್ತಿದ್ದರು. ಅಲ್ಲಿ ಅವನು ಹೆಂಡತಿಯ ವೀಸಾದ ಮೇಲೆ ಬಂದವನು. ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದು, ಪಾತ್ರೆ ತಿಕ್ಕಿ, ರಾತ್ರಿ ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸುವ ಕೆಲಸ. ಪಾತ್ರೆ ತಿಕ್ಕಿದ್ದರಲ್ಲಿ ತಪ್ಪೇನಿಲ್ಲ, ನಾವೆಲ್ಲ ಹುಟ್ಟಿದಾಗಿನಿಂದ ತಿಕ್ಕಿದವರೇ. ಆದರೆ ಅವನ ಮುಖ ಸಣ್ಣದಾದದ್ದು ವೀಡಿಯೊ ಕರೆಯಲ್ಲೇ ಕಾಣುತ್ತಿತ್ತು. ಮಕ್ಕಳು ದೇಶವನ್ನು ಕಿಟಕಿಯಿಂದ ನೋಡುವುದಿಲ್ಲ, ಅಪ್ಪ ಅಮ್ಮನ ಮುಖದಿಂದ ನೋಡುತ್ತವೆ. ಮನೆಯಲ್ಲಿ ದಿನಾ “ಇದೂ ಒಂದು ದೇಶಾನ?” ಎಂದು ಕೇಳಿಸಿಕೊಂಡ ಹುಡುಗ ಶಾಲೆಯಲ್ಲಿ ಗೆಳೆಯರನ್ನು ಮಾಡಿಕೊಳ್ಳಲು ಹಿಂದೆ ಮುಂದೆ ನೋಡುತ್ತಾನೆ. ಹೊರಡುವ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು, ಹೋದ ಮೇಲೆ ಕೆಲಸವಿಲ್ಲದವರು ಏನು ಮಾಡುವುದು ಎಂದು ಮಾತಾಡಿಕೊಳ್ಳಬೇಕು. ಹೆಂಡತಿ ಜೊತೆಗೆ ಹೋದವಳಾದರೆ ಈ ಪ್ರಶ್ನೆಯನ್ನು ಯಾರೂ ಕೇಳುವುದೂ ಇಲ್ಲ, ಅವಳ ನೌಕರಿ ಹೋದದ್ದು ಸಹಜವೆಂಬಂತೆ.

ಅವನನ್ನು ಎತ್ತಿ ನಿಲ್ಲಿಸಿದ್ದು ಡ್ರೈವಿಂಗ್ ಲೈಸೆನ್ಸು. ನಮ್ಮ ಲೈಸೆನ್ಸು ಅಲ್ಲಿ ಹನ್ನೆರಡು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಹೊಸದಾಗಿ ಪರೀಕ್ಷೆ. ಹುನಗುಂದ, ಬಾದಾಮಿ, ಮುಧೋಳದ ಎಲ್ಲ ರಸ್ತೆಯಲ್ಲಿ ಬೊಲೆರೊ ಓಡಿಸಿದವನು 50 ಪ್ರಶ್ನೆಗಳ ಥಿಯರಿ ಪರೀಕ್ಷೆಯಲ್ಲಿ 43 ಸರಿಯುತ್ತರ ತೆಗೆಯಬೇಕು. ಮಗ ಪ್ರಶ್ನೆ ಓದುತ್ತಿದ್ದ, ಅಪ್ಪ ಉತ್ತರ ಹೇಳುತ್ತಿದ್ದ, ತಪ್ಪಾದರೆ ಮಗ ಬೈಯುತ್ತಿದ್ದ. ಅಪ್ಪನೂ ಕಲಿಯುತ್ತಿದ್ದಾನೆ, ಅಪ್ಪನೂ ತಪ್ಪುತ್ತಿದ್ದಾನೆ ಎಂಬುದು ಆ ಹುಡುಗನಿಗೆ ಯಾವ ಬುದ್ಧಿಮಾತಿಗಿಂತ ಹೆಚ್ಚು ಧೈರ್ಯ ಕೊಟ್ಟಿತು. ಆದರೆ ಇದಕ್ಕೊಂದು ಗೆರೆ ಬೇಕು. ಮಗುವಿಗೆ ಇಂಗ್ಲಿಷ್ ಬಂತೆಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅದನ್ನೇ ದುಭಾಷಿ ಮಾಡಿ ಕೂರಿಸಬಾರದು. ಅಜ್ಜಿಯ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮೊಮ್ಮಗ ಡಾಕ್ಟರಿಗೆ ಬಿಡಿಸಿ ಹೇಳಬೇಕೆ? ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ದುಭಾಷಿಯನ್ನು ಅವರೇ ಒದಗಿಸುತ್ತಾರೆ, ದುಡ್ಡಿಲ್ಲ.

ದೊಡ್ಡ ಮಕ್ಕಳ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಠಿಣ. ಒಂಬತ್ತು, ಹತ್ತನೇ ಇಯತ್ತೆಯ ಮಕ್ಕಳನ್ನು ನಡುವಿನಿಂದ ಕಿತ್ತು ಒಯ್ಯಬೇಡಿ. ನಮ್ಮ ಎಸ್ಸೆಸ್ಸೆಲ್ಸಿಯಂಥ ಅಲ್ಲಿನ ಜಿಸಿಎಸ್‌ಇ ಪರೀಕ್ಷೆಯ ಓದು ಇಯರ್ ಟೆನ್, ಇಯರ್ ಇಲೆವೆನ್ ಎರಡೂ ವರ್ಷ ಹಬ್ಬಿಕೊಂಡಿರುತ್ತದೆ. ಅರ್ಧದಲ್ಲಿ ಸೇರಿದವನಿಗೆ ಇತ್ತಲದೂ ಇಲ್ಲ, ಅತ್ತಲದೂ ಇಲ್ಲ. ಎಂಟನೆಯದರೊಳಗೆ ಹೋಗಿ, ಇಲ್ಲವೇ ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋಗಿ. ಜರ್ಮನಿಗೆ ಹೋಗುವವರು ಇನ್ನೂ ಮೊದಲೇ ಲೆಕ್ಕ ಹಾಕಬೇಕು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತವೆ. ಮೂರನೆಯದಕ್ಕೆ ಹೋಗಿ ಸೇರಿದ ಮಗುವಿಗೆ ಜರ್ಮನ್ ಕಲಿಯಲು ಸಿಗುವುದು ಎಷ್ಟು ಕಾಲ? ಮನೆಯಲ್ಲೇ ಓದಿಸುತ್ತೇನೆ ಎನ್ನುವಂತೆಯೂ ಇಲ್ಲ, ಕಾನೂನು ಬಿಡುವುದಿಲ್ಲ.

1950ರ ದಶಕದಲ್ಲಿ ರೂತ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಗಂಡನ ಜೊತೆ ಭಾರತಕ್ಕೆ ಬಂದು, ಇಲ್ಲಿ ಕೆಲಸಕ್ಕಿದ್ದ ಅಮೆರಿಕನ್ ಕುಟುಂಬಗಳನ್ನು ಅಭ್ಯಾಸ ಮಾಡಿದರು. ಆ ಮನೆಗಳ ಮಕ್ಕಳು ಪೂರ್ತಿ ಅಮೆರಿಕದವರೂ ಅಲ್ಲ, ಭಾರತದವರೂ ಅಲ್ಲ, ತಮ್ಮದೇ ಒಂದು ಮೂರನೆಯ ಜಾಗದಲ್ಲಿ ಬೆಳೆಯುತ್ತಿವೆ ಎಂದು ಗುರುತಿಸಿದರು. ಆಗ ನಮ್ಮ ದೇಶಕ್ಕೆ ಬಂದ ಮಕ್ಕಳ ಪಾಡು ಈಗ ನಮ್ಮ ದೇಶದಿಂದ ಹೋಗುವ ಮಕ್ಕಳ ಪಾಡು. ಹುಡುಗ ಮೊದಲ ಸಲ ಲಂಡನ್ ನೋಡಲು ಹೋದಾಗ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನ ಮೂರ್ತಿ ಕಂಡು, “ಇಂವಾ ಇಲ್ಲಿಗೆ ಯಾವಾಗ ಬಂದ?” ಎಂದು ಕೇಳಿದನಂತೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು ಎಂದು ಅಪ್ಪ ಬೋರ್ಡು ಓದಿ ಹೇಳಿದರೆ, “ಹಂಗಾದ್ರ ನಮಗಿಂತ ಸೀನಿಯರ್” ಅಂದ. ಬಾಗೇವಾಡಿಯಲ್ಲಿ ಹುಟ್ಟಿ, ಕಲ್ಯಾಣಕ್ಕೆ ಹೋಗಿ, ಕೂಡಲಸಂಗಮಕ್ಕೆ ಬಂದವನಿಗೆ ಊರು ಬಿಡುವುದೇನು ಹೊಸದೇ?

ಇತ್ತ ಉಳಿದವರೂ ಈ ಕುಟುಂಬದವರೇ. ನಮ್ಮವ್ವ ರಾತ್ರಿ ಒಂಬತ್ತಕ್ಕೆ ಫೋನು ಹಚ್ಚುತ್ತಾಳೆ. ಚಳಿಗಾಲದಲ್ಲಿ ಅದು ಅಲ್ಲಿ ಮೂರೂವರೆ, ಮಕ್ಕಳು ಆಗಷ್ಟೇ ಶಾಲೆ ಬಿಟ್ಟು ಹಸಿದು ದಣಿದಿರುತ್ತವೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ತಾಸು ಮುಂದೆ ತಿರುವಿದ ಮೇಲೆ ಅದೇ ಒಂಬತ್ತು ಅಲ್ಲಿ ನಾಲ್ಕೂವರೆ. ಅಕ್ಟೋಬರ್ ಕೊನೆಗೆ ಮತ್ತೆ ಹಿಂದಕ್ಕೆ. “ಹೊತ್ತನ್ನೂ ತಿರುವ್ತಾರ ಅಂದ್ರ ಅವರು ಏನು ಬಿಟ್ಟಾರು!” ಎನ್ನುತ್ತಾಳೆ ಅವ್ವ. ಮೊದಲೆಲ್ಲ ಮಾತು ಅಷ್ಟಕ್ಕಷ್ಟೇ: ಉಂಡೇನು, ಥಂಡಿ ಐತೇನು, ಶಾಲಿಗೆ ಹೋದೇನು. ಮಕ್ಕಳು ಹೂಂ ಅಂದು ಓಡುತ್ತಿದ್ದವು, ಅವ್ವನಿಗೆ ಬೇಜಾರು. ಈಗ ಅವಳು ಜೋಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ರೊಟ್ಟಿ ಬಡಿಯುತ್ತಾಳೆ. ಪರದೆಯ ಮೇಲೆಲ್ಲ ಹಿಟ್ಟು. ಅತ್ತ ಸಣ್ಣಾಕೆ ಆಟದ ಮಣ್ಣಿನಿಂದ ರೊಟ್ಟಿ ತಟ್ಟುತ್ತಾಳೆ. “ಅಂಚು ಹರೀತು ನೋಡು, ನೀರು ಹಚ್ಚು” ಎಂದು ಇಲ್ಲಿಂದ ಕೂಗು. ಯಾರೂ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ, ಕರೆ ಮಾತ್ರ ಮೊದಲಿಗಿಂತ ಉದ್ದ.

ಊರಿಗೆ ಬರುವ ವಿಷಯದಲ್ಲೂ ಲೆಕ್ಕ ಬೇಕು. ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ಇಂಗ್ಲೆಂಡಿನಲ್ಲಿ ದಂಡ ಬೀಳಬಹುದು. 2024ರ ಆಗಸ್ಟಿನಿಂದ ಒಂದು ಮಗುವಿಗೆ ಅಪ್ಪನಿಗೊಂದು, ಅಮ್ಮನಿಗೊಂದು, ತಲಾ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಹಾಗಾಗಿ ಹೋಳಿಗೆ ಬರುವ ಆಸೆ ಹುಡುಗ ಬಿಟ್ಟಿದ್ದಾನೆ, ಅದು ಬರುವುದು ಮಾರ್ಚಿನಲ್ಲಿ. ಅವರ ದೊಡ್ಡ ರಜೆ ಜುಲೈ ಕೊನೆಯಿಂದ ಸುಮಾರು ಆರು ವಾರ. ನೋಡಿದರೆ ನಮ್ಮ ನಾಗರ ಪಂಚಮಿ ಹೆಚ್ಚಾಗಿ ಅದರೊಳಗೇ ಬರುತ್ತದೆ. ಜೋಕಾಲಿ, ಉಂಡಿ, ಅಳ್ಳು, ಹೊಲದ ತುಂಬ ಹಸಿರು. ವಿಮಾನದ ದರ ಆಗಲೇ ಹೆಚ್ಚು, ಏನೂ ಮಾಡುವಂತಿಲ್ಲ.

ಬಂದಾಗ ಅವರನ್ನು ಇಪ್ಪತ್ತು ಮನೆಗೆ ಚಹಾಕ್ಕೆ ಎಳೆಯಬೇಡಿ ಎಂದು ಬೀಗರಿಗೆಲ್ಲ ಈಗಲೇ ಹೇಳಿಟ್ಟಿದ್ದೇನೆ. “ಎಲ್ಲಿ, ಒಂದೀಟು ಇಂಗ್ಲಿಷ್ ಮಾತಾಡು” ಎಂದು ಮಗುವನ್ನು ಕುರ್ಚಿಯ ಮೇಲೆ ನಿಲ್ಲಿಸುವುದೂ ಬೇಡ, ಕನ್ನಡದಲ್ಲಿ ಎಡವಿದರೆ ನಗುವುದೂ ಬೇಡ. ಅವರಿಗೆ ರಜೆಯಿರುವಾಗ ನಮ್ಮ ಶಾಲೆ ನಡೆಯುತ್ತಿರುತ್ತದೆ, ಹುಡುಗನಿಗೆ ತನ್ನ ಹಳೆಯ ವರ್ಗದಲ್ಲಿ ಕೂರಬೇಕಂತೆ. ಮುಖ್ಯ ಗುರುಗಳನ್ನು ಕೇಳಿದೆ. ಹಾಜರಿಯಲ್ಲಿ ಹೆಸರಿಲ್ಲದವನನ್ನು ಹೇಗೆ ಕೂರಿಸುವುದು ಎಂದು ಮೊದಲು ತಲೆ ಕೆರೆದುಕೊಂಡರು. ಆಮೇಲೆ, “ಅತಿಥಿ ಅಂತ ಕೂಡ್ಲಿ ಬಿಡ್ರಿ, ಬಿಸಿಯೂಟಾನೂ ಮಾಡ್ಲಿ” ಅಂದರು. ವರ್ಗದವರಿಗೆ ವಿಷಯ ಹೇಳಿದ್ದೇನೆ. ಪ್ರಶ್ನೆಗಳು ಈಗಾಗಲೇ ತಯಾರು, ಅವುಗಳಲ್ಲಿ ಮೊದಲನೆಯದು: ಅಲ್ಲಿ ಹೋಮ್‌ವರ್ಕ್ ಕೊಡೂದಿಲ್ಲ ಅನ್ನೂದು ಖರೇನ್ರಿ ಟೀಚರ್, ಇಲ್ಲಾ ಅಂವಾ ಸುಳ್ಳು ಹೇಳ್ತಾನೋ?